ಮನೆಯ ಮರಗೆಲಸಕ್ಕೆ ಮೊದಲು ಬ್ಯಾಂಡ್‌ಸಾ, ಆಮೇಲೆ ಟೇಬಲ್ ಸಾ

ಸಂಪಾದಕರಿಗೆ,

ಮಾನ್ಯರೇ,

ಗ್ಯಾರೇಜಿನಲ್ಲೋ ಹಿತ್ತಲಿನ ಶೆಡ್ಡಿನಲ್ಲೋ ಮರಗೆಲಸ ಶುರು ಮಾಡುವವರು ಈಗ ಊರೂರಲ್ಲೂ ಇದ್ದಾರೆ. ಕೈಗರಗಸ, ಉಳಿ, ಹತ್ತರಿಗಳಲ್ಲಿ ಸ್ವಲ್ಪ ಕೈ ಪಳಗಿದ ಮೇಲೆ ಮೊದಲ ದೊಡ್ಡ ಯಂತ್ರ ಯಾವುದಿರಲಿ ಎಂಬ ಪ್ರಶ್ನೆ ಏಳುತ್ತದೆ. ಕಲಿಯಲು ಸಿಗುವ ವಿಡಿಯೊಗಳು ಬಹುಪಾಲು ಅಮೆರಿಕದವು. ಅಲ್ಲಿ ಎಲ್ಲ ಕೆಲಸವೂ ಟೇಬಲ್ ಸಾ, ಅಂದರೆ ಮೇಜಿನ ಸೀಳಿನಿಂದ ಮೇಲೆದ್ದು ತಿರುಗುವ ದುಂಡು ಬ್ಲೇಡಿನ ಗರಗಸದ ಸುತ್ತಲೇ ನಡೆಯುತ್ತದೆ. ಅದನ್ನು ನೋಡಿ ಇಲ್ಲಿಯೂ ಮೊದಲಿಗೆ ಅದನ್ನೇ ತರಿಸುತ್ತಾರೆ. ಆದರೆ ನಮಗೆ ಸಿಗುವ ಮರ, ನಮ್ಮ ಮನೆಗಳ ಜಾಗ, ನಮ್ಮ ಕರೆಂಟು ಈ ಮೂರನ್ನೂ ಲೆಕ್ಕಕ್ಕೆ ಹಿಡಿದರೆ, ಗಟ್ಟಿ ಮರದಲ್ಲಿ ಕೆಲಸ ಮಾಡುವವರಿಗೆ ಮೊದಲು ಬೇಕಾದದ್ದು ಬ್ಯಾಂಡ್‌ಸಾ, ಅಂದರೆ ಮೇಲೊಂದು ಕೆಳಗೊಂದು ಚಕ್ರದ ಮೇಲೆ ಪಟ್ಟಿಯಂಥ ಬ್ಲೇಡ್ ಸುತ್ತುವ ಗರಗಸ.

ಮರದಿಂದಲೇ ಶುರು ಮಾಡೋಣ. ಅಮೆರಿಕದ ಅಂಗಡಿಗಳಲ್ಲಿ ಹತ್ತರಿ ಹೊಡೆದು, ಅಳತೆಗೆ ತಂದ ಹಲಗೆ ಸುಲಭವಾಗಿ ಸಿಗುತ್ತದೆ. ನಮಗೆ ಸಿಗುವುದು ಸಾಮಿಲ್ಲಿನಿಂದ ಬಂದ ಒಂದೂವರೆ, ಎರಡು ಇಂಚಿನ ದಪ್ಪ ಹಲಗೆ; ಕೆಡವಿದ ಹಳೆ ಮನೆಯ ತೊಲೆ, ಬಾಗಿಲ ಚೌಕಟ್ಟು; ಕಾಫಿ ತೋಟದ ಸಿಲ್ವರ್ ಓಕ್; ಹಲಸು, ಮತ್ತಿ, ಹೊನ್ನೆ, ತೇಗದ ತುಂಡುಗಳು. ಇವುಗಳಲ್ಲಿ ಪೆಟ್ಟಿಗೆ, ಕಪಾಟಿನ ಬಾಗಿಲು, ಚಿತ್ರದ ಚೌಕಟ್ಟು ಏನು ಮಾಡಬೇಕೆಂದರೂ ಮೊದಲು ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ದಪ್ಪದಲ್ಲಿ ಸೀಳಬೇಕು. 10 ಇಂಚಿನ ಬ್ಲೇಡಿನ ಟೇಬಲ್ ಸಾ ಒಮ್ಮೆಗೆ ಕೊಯ್ಯುವ ಆಳ ಸುಮಾರು 80 ಮಿ.ಮೀ. ಮಾತ್ರ. ಆರು ಇಂಚು, ಅಂದರೆ 150 ಮಿ.ಮೀ. ಅಗಲದ ಹಲಗೆಯನ್ನು ಅದರಲ್ಲಿ ಸೀಳಬೇಕಾದರೆ ಒಂದು ಅಂಚಿನಿಂದ ಅರ್ಧ ಕೊಯ್ದು, ತಿರುಗಿಸಿ ಇನ್ನೊಂದು ಅಂಚಿನಿಂದ ಉಳಿದರ್ಧ ಕೊಯ್ಯಬೇಕು. ಟೇಬಲ್ ಸಾದಲ್ಲಿ ಮಾಡುವ ಕೆಲಸಗಳಲ್ಲಿ ಅಪಾಯ ಹೆಚ್ಚಿರುವವುಗಳಲ್ಲಿ ಇದೂ ಒಂದು. 14 ಇಂಚು ಚಕ್ರದ ಬ್ಯಾಂಡ್‌ಸಾ ಇದೇ ಹಲಗೆಯನ್ನು ಒಂದೇ ಸಲಕ್ಕೆ ಸೀಳುತ್ತದೆ.

ಮರದ ಉಳಿತಾಯವನ್ನೂ ನೋಡಿ. ಟೇಬಲ್ ಸಾ ಬ್ಲೇಡ್ ಪ್ರತಿ ಕೊಯ್ತಕ್ಕೆ ಎರಡೂವರೆಯಿಂದ ಮೂರು ಮಿ.ಮೀ. ಮರವನ್ನು ಪುಡಿ ಮಾಡುತ್ತದೆ, ಬ್ಯಾಂಡ್‌ಸಾ ಒಂದು ಮಿ.ಮೀ. ಆಸುಪಾಸು. 50 ಮಿ.ಮೀ. ದಪ್ಪದ ತೇಗದ ತುಂಡಿನಿಂದ 9 ಮಿ.ಮೀ. ಪಟ್ಟಿಗಳನ್ನು ತೆಗೆದರೆ ಬ್ಯಾಂಡ್‌ಸಾದಲ್ಲಿ ಐದು ಬರುತ್ತವೆ, ಟೇಬಲ್ ಸಾದಲ್ಲಿ ನಾಲ್ಕೇ. ತೇಗವನ್ನು ಘನ ಅಡಿ ಲೆಕ್ಕದಲ್ಲಿ ಕೊಂಡವರಿಗೆ ಈ ಐದನೆಯ ಪಟ್ಟಿಯ ಬೆಲೆ ಗೊತ್ತು.

ಇನ್ನು ಅಪಾಯ. ಟೇಬಲ್ ಸಾದಲ್ಲಿ ಬ್ಲೇಡಿನ ಮುಂದಿನ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತುತ್ತವೆ, ಹಿಂದಿನ ಹಲ್ಲುಗಳು ಮೇಜಿನಿಂದ ಮೇಲಕ್ಕೆದ್ದು ನಮ್ಮ ಕಡೆಗೆ ತಿರುಗುತ್ತವೆ. ಕೊಯ್ದ ಮರ ಆ ಹಿಂದಿನ ಹಲ್ಲುಗಳಿಗೆ ತಾಗಿತೆಂದರೆ ಅವು ಅದನ್ನು ಎತ್ತಿ ನಿಂತವರ ಹೊಟ್ಟೆಯ ಮೇಲೆ ಎಸೆಯುತ್ತವೆ. ಇದೇ ಕಿಕ್‌ಬ್ಯಾಕ್. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ 190 ಕಿ.ಮೀ. ಮುಟ್ಟುತ್ತದೆ. ಮರ ಹಾರುವಾಗ ಅದನ್ನು ಹಿಡಿದಿದ್ದ ಕೈ ಬ್ಲೇಡಿನ ಮೇಲೆ ಎಳೆದುಕೊಂಡು ಬೀಳುತ್ತದೆ. ಬಹಳಷ್ಟು ಬೆರಳುಗಳು ಹೋಗುವುದು ಹೀಗೆ. ಮರ ಹಿಂದಿನ ಹಲ್ಲಿಗೆ ತಾಗಲು ಕಾರಣಗಳು ಹಲವು: ಫೆನ್ಸ್ (ಮರವನ್ನು ನೇರ ತಳ್ಳಲು ಒರಗಿಸುವ ಪಟ್ಟಿ) ಹಿಂಭಾಗದಲ್ಲಿ ಬ್ಲೇಡಿನ ಕಡೆಗೆ ವಾಲಿರುವುದು, ಸೊಟ್ಟ ಅಂಚನ್ನು ಫೆನ್ಸಿಗೆ ಒರಗಿಸುವುದು, ಫೆನ್ಸ್ ಇಲ್ಲದೆ ಬರಿಗೈಯಲ್ಲಿ ತಳ್ಳುವುದು. ನಮ್ಮಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಸರಿಯಾಗಿ ಒಣಗದ ಸಿಲ್ವರ್ ಓಕ್, ಹಲಸಿನಂಥ ಮರದೊಳಗೆ ಬಿಗಿತ ಇರುತ್ತದೆ; ಸೀಳುತ್ತಿದ್ದಂತೆ ಎರಡು ಹೋಳೂ ಬಾಗಿ ಬ್ಲೇಡನ್ನು ಇಕ್ಕಳದಂತೆ ಹಿಡಿಯುತ್ತವೆ.

ಬ್ಯಾಂಡ್‌ಸಾದ ಬ್ಲೇಡ್ ಯಾವಾಗಲೂ ಮೇಲಿನಿಂದ ಕೆಳಕ್ಕೇ ಓಡುತ್ತದೆ, ಮರವನ್ನು ಮೇಜಿಗೆ ಒತ್ತುತ್ತದೆ. ಹಿಂದಕ್ಕೆ ಎಸೆಯುವ ಹಲ್ಲು ಅದರಲ್ಲಿಲ್ಲ. ಮರ ಬಿಗಿ ಹಿಡಿದರೆ ಬ್ಲೇಡ್ ಸಿಕ್ಕಿಕೊಳ್ಳುತ್ತದೆ, ಯಂತ್ರ ಮುಕ್ಕರಿಯುತ್ತದೆ, ಅಷ್ಟೆ. ಹಾಗೆಂದು ಅದು ಆಟಿಕೆಯಲ್ಲ. ಬ್ಲೇಡಿನ ನೇರಕ್ಕೆ ಹೆಬ್ಬೆರಳಿಟ್ಟು ತಳ್ಳುತ್ತಿದ್ದು, ಕೊಯ್ತ ಮುಗಿದು ಮರ ಥಟ್ಟನೆ ಮುಂದೆ ಹೋದಾಗ ಹೆಬ್ಬೆರಳೂ ಜೊತೆಗೆ ಹೋಗುತ್ತದೆ. ಕೊನೆಯ ಮೂರು ಇಂಚನ್ನು ಕೋಲಿನಿಂದಲೇ ತಳ್ಳಬೇಕು. ಬ್ಲೇಡನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಮೇಲಿನ ಗೈಡನ್ನು ಮರದಿಂದ 6 ಮಿ.ಮೀ. ಎತ್ತರಕ್ಕೆ ಇಳಿಸಿದರೆ ಬಯಲಾಗುವ ಬ್ಲೇಡ್ ಅಷ್ಟೇ. ದುಂಡು ಕೊಂಬೆಯನ್ನು ಹಾಗೇ ಮೇಜಿನ ಮೇಲಿಟ್ಟು ಕೊಯ್ದರೆ ಬ್ಲೇಡ್ ಅದನ್ನು ಉರುಳಿಸಿ ಒಳಕ್ಕೆಳೆದುಕೊಳ್ಳುತ್ತದೆ, ಬ್ಲೇಡೂ ಮುರಿಯುತ್ತದೆ. ವಿ ಆಕಾರದ ತೊಟ್ಟಿಲು ಮಾಡಿ ಅದರಲ್ಲಿ ಕೂರಿಸಿಯೇ ಕೊಯ್ಯಬೇಕು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಕಲ್ಲು ಕೊಯ್ಯುವ ನಾಲ್ಕು ಇಂಚಿನ ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕಿ, ಅದನ್ನು ಪ್ಲೈವುಡ್ ಹಾಳೆಯ ಅಡಿಗೆ ತಲೆಕೆಳಗಾಗಿ ಬಿಗಿದು, ಸ್ವಿಚ್ಚನ್ನು ಒತ್ತಿಟ್ಟು ಟೇಬಲ್ ಸಾ ಮಾಡಿಕೊಳ್ಳುವ ರೂಢಿ ನಮ್ಮ ಕಟ್ಟಡದ ಕೆಲಸಗಳಲ್ಲಿ ಎಲ್ಲೆಲ್ಲೂ ಇದೆ. ಈಗ ಅದು ಮನೆಗಳಿಗೂ ಬಂದಿದೆ. ಆ ಯಂತ್ರ ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತದೆ. ಬ್ಲೇಡಿನ ಹಿಂದೆ ಸೀಳು ಮುಚ್ಚದಂತೆ ತಡೆಯುವ ಪಟ್ಟಿ ಇಲ್ಲ, ಮೇಲೆ ಮುಚ್ಚಳ ಇಲ್ಲ, ಕೈಗೆಟುಕುವ ಸ್ವಿಚ್ ಇಲ್ಲ. ಏನಾದರೂ ಆದರೆ ಪ್ಲಗ್ ಕೀಳಲು ಓಡಬೇಕು. ಕರೆಂಟು ಹೋಗಿ ಬಂದರೆ ತಾನಾಗಿಯೇ ತಿರುಗಲು ಶುರುವಾಗುತ್ತದೆ. ದುಡ್ಡು ಉಳಿಯಿತೆಂದು ಇದನ್ನು ಮಾಡಬೇಡಿ, ಮನೆಗೆ ಬಂದ ಬಡಗಿಗೂ ಮಾಡಲು ಬಿಡಬೇಡಿ.

ಟೇಬಲ್ ಸಾ ಬೇಡವೇ ಬೇಡ ಎಂಬುದು ನನ್ನ ವಾದವಲ್ಲ. ಒಂದೇ ಅಗಲದ ಇಪ್ಪತ್ತು ಪಟ್ಟಿ, ನುಣುಪಾದ ಅಂಚು, ಕರಾರುವಾಕ್ಕಾದ 90 ಡಿಗ್ರಿ ಬೇಕೆಂದರೆ ಅದಕ್ಕೆ ಸಾಟಿಯಿಲ್ಲ. ಬ್ಯಾಂಡ್‌ಸಾದಲ್ಲಿ ಕೊಯ್ದ ಮುಖ ಒರಟು, ಅದಕ್ಕೆ ಹತ್ತರಿ ಹೊಡೆಯಲೇಬೇಕು. ಪ್ರತಿ ಮುಖಕ್ಕೆ ಅರ್ಧದಿಂದ ಒಂದು ಮಿ.ಮೀ. ಬಿಟ್ಟು ಗೆರೆ ಎಳೆಯಬೇಕು. ಪ್ಲೈವುಡ್ ಕಪಾಟುಗಳನ್ನೇ ಮಾಡುವವರಿಗೆ ಬ್ಯಾಂಡ್‌ಸಾ ಒಗ್ಗುವುದಿಲ್ಲ. ಅದರ ಕಂಬ ಅಡ್ಡ ಬರುವುದರಿಂದ 14 ಇಂಚಿನ ಯಂತ್ರದಲ್ಲಿ ಬ್ಲೇಡಿನ ಎಡಕ್ಕೆ 13 ಇಂಚು ಚಿಲ್ಲರೆ ಮಾತ್ರ ಜಾಗ. ಪ್ಲೈವುಡ್ಡಿನ ಗಟ್ಟಿ ಅಂಟು ಸಾಮಾನ್ಯ ಉಕ್ಕಿನ ಬ್ಯಾಂಡ್ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ.

ಆದರೆ ಪ್ಲೈವುಡ್ಡಿಗಾಗಿಯೇ ಟೇಬಲ್ ಸಾ ಕೊಳ್ಳುವುದೂ ಮನೆ ಮಟ್ಟಿಗೆ ಸರಿಹೋಗದು. 8 ಅಡಿ ಉದ್ದದ ಹಾಳೆಯನ್ನು ತಳ್ಳಲು ಬ್ಲೇಡಿನ ಮುಂದೆ 8 ಅಡಿ, ಹಿಂದೆ 8 ಅಡಿ ಬೇಕು. 10 ಅಡಿಗೆ 12 ಅಡಿಯ ಕೋಣೆಯಲ್ಲಿ ಅದು ಆಗದ ಮಾತು. 18 ಮಿ.ಮೀ. ಹಾಳೆ 30 ಕಿಲೊ ಮೇಲೆ ತೂಗುತ್ತದೆ, ಒಬ್ಬರೇ ಹಿಡಿದು ನೇರ ತಳ್ಳುವುದು ಕಷ್ಟ. ಎಷ್ಟೋ ಪ್ಲೈವುಡ್ ಅಂಗಡಿಗಳಲ್ಲಿ ದೊಡ್ಡ ಪ್ಯಾನೆಲ್ ಸಾ ಇರುತ್ತದೆ. ಅಳತೆಯ ಚೀಟಿ ಕೊಟ್ಟರೆ ಕೊಯ್ತಕ್ಕಿಷ್ಟು ಎಂದು ದುಡ್ಡು ತೆಗೆದುಕೊಂಡು ತುಂಡು ಮಾಡಿಕೊಡುತ್ತಾರೆ. ಮನೆಯಲ್ಲೇ ಆಗಬೇಕೆಂದರೆ ಎರಡು ಇಂಚಿನ ಥರ್ಮಾಕೋಲ್ ಹಾಳೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಪ್ಲೈವುಡ್ಡನ್ನು ಒಳ್ಳೆಯ ಮುಖ ಕೆಳಗೆ ಮಾಡಿ ಮಲಗಿಸಿ, ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲ್ಯಾಂಪಿನಿಂದ ಬಿಗಿದು, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಓಡಿಸಿ. ಬ್ಲೇಡ್ ಹಾಳೆಯಿಂದ 5 ಮಿ.ಮೀ. ಮಾತ್ರ ಕೆಳಗಿಳಿದಿರಲಿ. ಅದರ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲಿನ ಮುಖದಲ್ಲಿ. ಒಳ್ಳೆಯ ಮುಖ ಕೆಳಗೆ ಎಂದದ್ದು ಅದಕ್ಕೇ.

ಬ್ಯಾಂಡ್‌ಸಾ ಕೊಳ್ಳುವವರು ಮೊದಲು ಚಕ್ರದ ಅಳತೆ ನೋಡಬೇಕು. 8, 9, 10 ಇಂಚಿನ ಮೇಜಿನ ಮೇಲಿಡುವ ಯಂತ್ರಗಳು ಆಟಿಕೆ, ಅಲಂಕಾರದ ವಕ್ರ ಕೊಯ್ತಗಳಿಗೆ ಸರಿ. ಅವುಗಳ ಮೋಟರ್ ಅರ್ಧ ಎಚ್‌ಪಿ ಒಳಗೆ, ಕೊಯ್ಯುವ ಎತ್ತರ ಮೂರು ನಾಲ್ಕು ಇಂಚು, ಚೌಕಟ್ಟು ಸಪೂರ; ಅರ್ಧ ಇಂಚಿನ ಬ್ಲೇಡನ್ನು ಸಾಕಷ್ಟು ಬಿಗಿದರೆ ಚೌಕಟ್ಟೇ ಬಾಗುತ್ತದೆ. ಒಣಗಿದ ಮತ್ತಿಯನ್ನು ಅವುಗಳಲ್ಲಿ ಸೀಳಲು ಹೋದರೆ ಮೋಟರ್ ಬಿಸಿಯಾಗುತ್ತದೆ, ಕೊಯ್ತ ಹೊಟ್ಟೆ ಬಿಡುತ್ತದೆ. ಹಲಗೆ ಸೀಳುವ ಉದ್ದೇಶವಿದ್ದರೆ 14 ಇಂಚು, ಕನಿಷ್ಠ ಒಂದು ಎಚ್‌ಪಿ, ಸಾಧ್ಯವಾದರೆ ಒಂದೂವರೆ. ಅಂಗಡಿಯಲ್ಲಿ ಪ್ಲಗ್ ಕಿತ್ತು ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಚಕ್ರ ಅತ್ತಿತ್ತ ಓಲಾಡಬಾರದು, ರಬ್ಬರ್ ಟೈರಿನಲ್ಲಿ ಬಿರುಕಿರಬಾರದು. ಗೈಡಿನ ಕಂಬವನ್ನು ಮೇಲಿಂದ ಕೆಳಗೆ ಪೂರ್ತಿ ಇಳಿಸಿ, ಉದ್ದಕ್ಕೂ ಅದು ಬ್ಲೇಡಿಗೆ ಅದೇ ಜಾಗದಲ್ಲಿ ನಿಲ್ಲುತ್ತದೆಯೇ ಗಮನಿಸಿ; ಅಗ್ಗದ ಯಂತ್ರಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬ್ಲೇಡಿನ ಉದ್ದ ಬರೆದುಕೊಳ್ಳಿ. 6 ಇಂಚು ಎತ್ತರ ಕೊಯ್ಯುವ ಮಾಮೂಲಿ 14 ಇಂಚಿನ ಯಂತ್ರಕ್ಕೆ 93½ ಇಂಚು, ನಡುವೆ ಎತ್ತರದ ತುಂಡು ಸೇರಿಸಿ 12 ಇಂಚು ಮಾಡಿದ್ದಕ್ಕೆ 105 ಇಂಚು ಬೇಕು. ವಿಚಿತ್ರ ಉದ್ದದ ಬ್ಲೇಡ್ ಕೇಳುವ ಯಂತ್ರ ಕೊಂಡರೆ ಪ್ರತಿ ಸಲ ಸುರುಳಿಯಿಂದ ಕತ್ತರಿಸಿ ಬೆಸುಗೆ ಹಾಕಿಸಬೇಕಾಗುತ್ತದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಯಂತ್ರೋಪಕರಣಗಳ ಪೇಟೆ ಹತ್ತಿರವಿಲ್ಲದವರಿಗೆ ಅದು ದೊಡ್ಡ ತಲೆನೋವು.

ಬ್ಲೇಡ್ ವಿಷಯದಲ್ಲಿ ಜಿಪುಣತನ ಬೇಡ. ಯಂತ್ರದ ಜೊತೆ ಬರುವ ಬ್ಲೇಡನ್ನು ನಂಬಿ ‘ಬ್ಯಾಂಡ್‌ಸಾ ನೇರ ಕೊಯ್ಯುವುದಿಲ್ಲ’ ಎಂದು ತೀರ್ಮಾನಿಸುವವರೇ ಹೆಚ್ಚು. ಸೀಳಲು ಅರ್ಧ ಇಂಚು ಅಗಲದ, ಇಂಚಿಗೆ ಮೂರು ಹಲ್ಲಿನ ಬ್ಲೇಡ್ ಬೇಕು. ಹಲ್ಲುಗಳ ನಡುವಿನ ದೊಡ್ಡ ಹಳ್ಳದಲ್ಲಿ ಪುಡಿ ತುಂಬಿಕೊಂಡು ಹೊರಬರಲು ಜಾಗ ಸಿಗುತ್ತದೆ. ಹಲ್ಲು ಜಾಸ್ತಿಯಿದ್ದಷ್ಟೂ ಒಳ್ಳೆಯದೆಂದು ಇಂಚಿಗೆ ಹತ್ತು ಹಲ್ಲಿನದನ್ನು ಹಾಕಿದರೆ ಪುಡಿ ಅಲ್ಲೇ ಕಟ್ಟಿಕೊಂಡು ಬ್ಲೇಡ್ ಸುಡುತ್ತದೆ, ಪಕ್ಕಕ್ಕೆ ಓಡುತ್ತದೆ. ವಕ್ರ ಕೊಯ್ತಕ್ಕೆ ಕಾಲು ಇಂಚಿನ, ಆರು ಹಲ್ಲಿನದು ಸಾಕು. ಅದು 16 ಮಿ.ಮೀ. ತ್ರಿಜ್ಯದವರೆಗೂ ತಿರುಗುತ್ತದೆ. ಅರ್ಧ ಇಂಚಿನದು 63 ಮಿ.ಮೀ.ಗಿಂತ ಚಿಕ್ಕ ತಿರುವಿನಲ್ಲಿ ತಿರುಚಿಕೊಂಡು ಮುರಿಯುತ್ತದೆ. ತೇಗದಲ್ಲಿ ಮರಳಿನಂಥ ಸಿಲಿಕಾ ಅಂಶವಿರುವುದರಿಂದ ಅದು ಬ್ಲೇಡನ್ನು ಬೇಗ ತಿನ್ನುತ್ತದೆ. ತೇಗವನ್ನೇ ಹೆಚ್ಚು ಕೊಯ್ಯುವವರು ಒಂದೆರಡು ಬ್ಲೇಡ್ ಹೆಚ್ಚಿಗೆ ಇಟ್ಟುಕೊಂಡಿರಬೇಕು. ಹಳೆ ಮನೆಯ ಮರವಾದರೆ ಕೊಯ್ಯುವ ಮುನ್ನ ಬಲವಾದ ಅಯಸ್ಕಾಂತವನ್ನು ಉದ್ದಕ್ಕೂ ಆಡಿಸಿ. ಒಳಗೆ ಮುರಿದು ಉಳಿದ ಮೊಳೆ ಬ್ಯಾಂಡ್ ಬ್ಲೇಡಿನ ಹಲ್ಲನ್ನು ಮೊಂಡು ಮಾಡುತ್ತದೆ, ಟೇಬಲ್ ಸಾದಲ್ಲಾದರೆ ಕಾರ್ಬೈಡ್ ಹಲ್ಲು ಕಿತ್ತು ಮುಖಕ್ಕೆ ಹಾರಬಹುದು.

ಹೊಸ ಬ್ಲೇಡ್ ಹಾಕುವಾಗ ಕ್ರಮ ತಪ್ಪಿಸಬಾರದು. ಪ್ಲಗ್ ಕಿತ್ತು, ಗೈಡುಗಳನ್ನೂ ಹಿಂದಿನ ಬೇರಿಂಗನ್ನೂ ಪೂರ್ತಿ ಹಿಂದಕ್ಕೆ ಸರಿಸಿ, ಹಲ್ಲು ಕೆಳಮುಖವಾಗುವಂತೆ ಬ್ಲೇಡ್ ಏರಿಸಿ, ಬಿಗಿಯಿರಿ. ಮೇಲಿನ ಗೈಡನ್ನು ಆರು ಇಂಚು ಎತ್ತರಕ್ಕಿಟ್ಟು ಬ್ಲೇಡಿನ ನಡುವೆ ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಅದು ಕಾಲು ಇಂಚಿನಷ್ಟು ಮಾತ್ರ ಸರಿಯಬೇಕು. ಚಕ್ರವನ್ನು ಕೈಯಿಂದ ತಿರುಗಿಸುತ್ತಾ, ಬ್ಲೇಡ್ ಟೈರಿನ ನಡುವೆ ಓಡುವವರೆಗೆ ವಾಲಿಸುವ ತಿರುಪನ್ನು ಸರಿಮಾಡಿ. ಆಮೇಲೆ ಪಕ್ಕದ ಗೈಡುಗಳನ್ನು ಹಲ್ಲಿನ ಹಳ್ಳದ ಸ್ವಲ್ಪ ಹಿಂದಕ್ಕೆ, ಒಂದು ಕಾಗದದ ದಪ್ಪದಷ್ಟು ಬಿಟ್ಟು ನಿಲ್ಲಿಸಿ. ಹಲ್ಲಿಗೆ ತಾಗಿದರೆ ಹಲ್ಲಿನ ಓರೆ ಹೋಗಿ ಬ್ಲೇಡ್ ಮುಗಿಯಿತು. ಹಿಂದಿನ ಬೇರಿಂಗ್ ಅರ್ಧ ಮಿ.ಮೀ. ದೂರವಿರಲಿ, ಮರ ಒತ್ತಿದಾಗ ಮಾತ್ರ ಅದು ತಿರುಗಬೇಕು. ಕೊನೆಗೆ ಮೂಲೆಮಟ್ಟದಿಂದ ಮೇಜು ಬ್ಲೇಡಿಗೆ ಲಂಬವಾಗಿದೆಯೇ ನೋಡಿ. ಕೆಲಸ ಮುಗಿದ ಮೇಲೆ ಬಿಗಿತ ಸಡಿಲಿಸಿ, ಇಲ್ಲದಿದ್ದರೆ ಟೈರಿನಲ್ಲಿ ತಗ್ಗು ಬೀಳುತ್ತದೆ.

ಇಷ್ಟಾದರೂ ಕೊಯ್ತ ಒಂದೇ ಕಡೆಗೆ ಎಳೆಯುತ್ತಿದ್ದರೆ ಬ್ಲೇಡಿನ ಒಂದು ಬದಿಯ ಹಲ್ಲು ಮೊಂಡಾಗಿದೆ, ಅಥವಾ ಫೆನ್ಸ್ ಬ್ಲೇಡಿನ ದಾರಿಗೆ ಹೊಂದಿಲ್ಲ. ಒಂದು ಹಲಗೆಯ ಮೇಲೆ ನೇರ ಗೆರೆ ಎಳೆದು ಫೆನ್ಸ್ ಇಲ್ಲದೆ ಅರ್ಧದವರೆಗೆ ಕೊಯ್ದು, ಅಲ್ಲೇ ಯಂತ್ರ ನಿಲ್ಲಿಸಿ, ಹಲಗೆ ಯಾವ ಕೋನದಲ್ಲಿದೆಯೋ ಅದಕ್ಕೆ ಸರಿಯಾಗಿ ಫೆನ್ಸ್ ತಿರುಗಿಸಿ ಬಿಗಿದರೆ ಸಾಕು. ಕೊಯ್ದ ಮುಖ ನಡುವೆ ಉಬ್ಬಿದ್ದರೆ ಬಿಗಿತ ಸಾಲದು, ಅಥವಾ ತಳ್ಳುವ ಅವಸರ ಹೆಚ್ಚು.

ಟೇಬಲ್ ಸಾ ಕೊಂಡೇ ಕೊಳ್ಳುವವರು ವ್ಯಾಟ್ ನೋಡುವ ಮೊದಲು ರೈವಿಂಗ್ ನೈಫ್ ಇದೆಯೇ ನೋಡಬೇಕು. ಬ್ಲೇಡಿನ ಹಿಂದೆ, ಬ್ಲೇಡಿನೊಂದಿಗೇ ಏರಿ ಇಳಿಯುವ ಉಕ್ಕಿನ ತಗಡು ಅದು. ಕೊಯ್ದ ಸೀಳು ಮುಚ್ಚಿಕೊಳ್ಳದಂತೆ ಅದು ತಡೆಯುತ್ತದೆ. ಅದಿಲ್ಲದ ಯಂತ್ರ ಎಷ್ಟು ಅಗ್ಗವಾಗಿದ್ದರೂ ಬೇಡ. ಅದರ ದಪ್ಪ ಬ್ಲೇಡಿನ ತಗಡಿಗಿಂತ ಹೆಚ್ಚು, ಹಲ್ಲು ಕೊಯ್ಯುವ ಅಗಲಕ್ಕಿಂತ ಕಡಿಮೆ ಇರಬೇಕು. 2.2 ಮಿ.ಮೀ. ನೈಫಿನ ಯಂತ್ರಕ್ಕೆ 2 ಮಿ.ಮೀ. ಕೊಯ್ಯುವ ತೆಳು ಬ್ಲೇಡ್ ಹಾಕಿದರೆ ಮರ ನಡುವೆ ಸಿಕ್ಕಿ ನಿಲ್ಲುತ್ತದೆ. ಆಗ ಎಲ್ಲರೂ ಮಾಡುವುದು ನೈಫನ್ನೇ ಕಿತ್ತೆಸೆಯುವುದು. ಬದಲಾಯಿಸಬೇಕಾದದ್ದು ಬ್ಲೇಡ್. ಬ್ಲೇಡಿನ ನಡುವಿನ ತೂತೂ ಹಾಗೆಯೇ: ಅಮೆರಿಕದ್ದು 15.88 ಮಿ.ಮೀ., ಯುರೋಪಿನದು 30, ಇಲ್ಲಿ ಸಿಗುವ ಅನೇಕವು 25.4. ಉದ್ದಕ್ಕೆ ಸೀಳಲು 24 ಹಲ್ಲು, ಪ್ಲೈವುಡ್ಡಿಗೆ 60. ಫೆನ್ಸ್ ಹಿಂಭಾಗದಲ್ಲಿ ಕೂದಲೆಳೆಯಷ್ಟು ಹೊರಗೆ ವಾಲಿದ್ದರೆ ಅಡ್ಡಿಯಿಲ್ಲ, ಒಳಗೆ ವಾಲಬಾರದು. ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಿ. ಕೈಗವಸು ಬೇಡ, ಪಂಚೆ ಲುಂಗಿ ಬೇಡ, ಸೆರಗು ಸಿಕ್ಕಿಸಿರಿ, ಮಣಿಕಟ್ಟಿನ ದಾರ, ಬಳೆ, ಉಂಗುರ ತೆಗೆದಿಡಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಅಂದಾಜಿನಲ್ಲಿ ಆ ದೇಶವೊಂದರಲ್ಲೇ ಟೇಬಲ್ ಸಾ ಗಾಯಗಳು ವರ್ಷಕ್ಕೆ 30,000 ದಾಟುತ್ತವೆ. ಬೆರಳು ತಾಗಿದೊಡನೆ 5 ಮಿಲಿಸೆಕೆಂಡಿನೊಳಗೆ ಬ್ಲೇಡನ್ನು ಕಚ್ಚಿ ನಿಲ್ಲಿಸುವ ಸಾಸ್ಟಾಪ್ ಯಂತ್ರಗಳು ಹುಟ್ಟಿದ್ದು ಇದೇ ಕಾರಣಕ್ಕೆ.

ಕರೆಂಟಿನ ಮಾತು. ಎರಡೂ ಯಂತ್ರಕ್ಕೆ 16 ಆಂಪಿಯರ್ ಪವರ್ ಪ್ಲಗ್, 2.5 ಚದರ ಮಿ.ಮೀ. ತಾಮ್ರದ ತಂತಿ, ಸರಿಯಾದ ಅರ್ಥಿಂಗ್ ಬೇಕೇ ಬೇಕು. 6 ಆಂಪಿಯರ್ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸಿದರೆ ಪ್ಲಗ್ ಕರಗುತ್ತದೆ. ಇಂಡಕ್ಷನ್ ಮೋಟರ್ ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಬಿ ಮಾದರಿಯ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆರುವ ಸ್ವಿಚ್) ಆಗ ಬೀಳಬಹುದು, ಸಿ ಮಾದರಿಯದು ತಡೆಯುತ್ತದೆ. ವೋಲ್ಟೇಜ್ ಇಳಿದ ಸಂಜೆಗಳಲ್ಲಿ ಮೋಟರ್ ಏರದೆ ಗುಂಯ್‌ಗುಟ್ಟಿದರೆ ತಕ್ಷಣ ಆರಿಸಿ, ಇಲ್ಲದಿದ್ದರೆ ಸುರುಳಿ ಸುಡುತ್ತದೆ. ಅಮೆರಿಕದಿಂದ ಊರಿಗೆ ಮರಳುವ ಕನ್ನಡಿಗರು ಯಂತ್ರಗಳನ್ನು ಕಂಟೇನರಿನಲ್ಲಿ ತರುತ್ತಾರೆ. ಅವಕ್ಕೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ಅದು ನಮ್ಮ ವೋಲ್ಟೇಜನ್ನು ಅಲ್ಲಿನ ಮಟ್ಟಕ್ಕೆ ಇಳಿಸುತ್ತದೆ, ಆದರೆ ನಮ್ಮ ಕರೆಂಟಿನ 50 ಹರ್ಟ್ಸನ್ನು ಅಲ್ಲಿನ 60 ಮಾಡುವುದಿಲ್ಲ. ಅಲ್ಲಿ ನಿಮಿಷಕ್ಕೆ 1,725 ಸುತ್ತುತ್ತಿದ್ದ ಇಂಡಕ್ಷನ್ ಮೋಟರ್ ಇಲ್ಲಿ 1,440ರ ಹತ್ತಿರ ತಿರುಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಇಲ್ಲಿಯದೇ 230 ವೋಲ್ಟಿನ ಮೋಟರ್ ಕೂರಿಸಿ, ಮೋಟರಿನ ಪುಲ್ಲಿಯನ್ನು ಐದಕ್ಕೆ ಆರರ ಲೆಕ್ಕದಲ್ಲಿ ದೊಡ್ಡದು ಮಾಡಿಸುವುದೇ ಸರಿಯಾದ ದಾರಿ.

ಮರದ ಪುಡಿಯನ್ನು ಹಗುರವಾಗಿ ಕಾಣಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಬೀಟೆಯ ಪುಡಿ ಹಲವರಿಗೆ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಎನ್95 ಮುಖಗವಸು, ಕೊಯ್ಯುವ ಜಾಗದಲ್ಲೇ ಪುಡಿ ಹೀರುವ ವ್ಯಾಕ್ಯೂಮ್ ಎರಡೂ ಇರಲಿ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಮುನ್ನ ಎರಕದ ಕಬ್ಬಿಣದ ಮೇಜಿಗೆ ಮೇಣ ಹಚ್ಚಿ ಒರೆಸಿಡಬೇಕು.

ಒಂದು ಎಚ್ಚರಿಕೆ. ದುಂಡು ದಿಮ್ಮಿ ತಂದು ಸೀಳುವುದು ಸಾಮಿಲ್ ನಿಯಮಗಳಿಗೆ ಒಳಪಡುತ್ತದೆ, ಅದಕ್ಕೆ ಪರವಾನಗಿ ಬೇಕು. ಕೊಯ್ದ ಹಲಗೆಯನ್ನು ರಸೀದಿಯೊಂದಿಗೆ ಕೊಂಡು, ರಸೀದಿಯನ್ನು ಜೋಪಾನವಾಗಿಡಿ. ದೊಡ್ಡ ಬ್ಯಾಂಡ್‌ಸಾ ಕೂರಿಸುವ ಮುನ್ನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಯಂತ್ರಗಳನ್ನು ಕ್ರಮವಾಗಿ ಕಲಿಯಬಯಸುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ತರಬೇತಿ ಕೇಂದ್ರವಿದೆ.

ಯಂತ್ರ ಮಾರುವವರಲ್ಲಿ ಒಂದು ಕೋರಿಕೆ. ಪೆಟ್ಟಿಗೆಯೊಳಗಿನ ಇಂಗ್ಲಿಷ್, ಚೀನೀ ಕೈಪಿಡಿಯನ್ನು ನಮ್ಮ ಬಡಗಿಗಳಲ್ಲಿ ಹೆಚ್ಚಿನವರು ಓದುವುದಿಲ್ಲ. ಕನ್ನಡದಲ್ಲಿ ಒಂದೇ ಹಾಳೆ ಇರಿಸಿ: ಬ್ಲೇಡಿನ ಉದ್ದ ಅಥವಾ ವ್ಯಾಸ, ತೂತಿನ ಅಳತೆ, ರೈವಿಂಗ್ ನೈಫಿನ ದಪ್ಪ, ಬೇಕಾದ ಪ್ಲಗ್ ಮತ್ತು ಎಂಸಿಬಿ. ಅಂಗಡಿಯಲ್ಲಿ ಟೇಬಲ್ ಸಾ ಓಡಿಸಿ ತೋರಿಸುವಾಗ ಮುಚ್ಚಳವನ್ನೂ ನೈಫನ್ನೂ ಕಳಚಿಡದೆ, ಹಾಕಿಕೊಂಡೇ ತೋರಿಸಿ.

ಇಂತಿ,
ಮರಗೆಲಸದ ಒಬ್ಬ ಓದುಗ
ಸಾಗರ, ಶಿವಮೊಗ್ಗ ಜಿಲ್ಲೆ